ಶಿರಸಿ ಹತ್ತಿರದ ಹಳ್ಳಿಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ವೃದ್ಧಾಶ್ರಮಕ್ಕೆ ಸೇರಿಸಬಹುದಾ?

ಅಮ್ಮನಿಗೆ 78, ನೀವು ಬೆಂಗಳೂರಿನಲ್ಲಿ. ಅವರೇ ಅಡುಗೆ ಮಾಡಿಕೊಂಡು ಓಡಾಡಿಕೊಂಡಿದ್ದರು, ಮೊನ್ನೆ ಅಂಗಳದಲ್ಲಿ ಜಾರಿ ಬಿದ್ದರು ಅಂತ ಬರೆದಿದ್ದೀರಿ. ನಾನು ಕುಮಟಾದವಳು. ನಮ್ಮ ಆಯಿಯನ್ನು, ಅಂದರೆ ಅಮ್ಮನನ್ನು, ಆರು ವರ್ಷ ನೋಡಿಕೊಂಡೆ. ನಡುವೆ ಹನ್ನೊಂದು ತಿಂಗಳು ಅವಳು ಒಂದು ವೃದ್ಧಾಶ್ರಮದಲ್ಲಿದ್ದಳು.

ಮೊದಲೇ ಜಾಗ ಹುಡುಕಬೇಡಿ. ಒಂದು ವಾರ ರಜೆ ಹಾಕಿ, ಸುಮ್ನೆ ಅಮ್ಮನ ಜೊತೆ ಇರಿ. ಸ್ನಾನ, ಬಟ್ಟೆ ಉಡುವುದು, ಪಾಯಿಖಾನೆಗೆ ಹೋಗಿಬರುವುದು, ಮಂಚದಿಂದ ಏಳುವುದು, ಮೂತ್ರ ತಡೆದುಕೊಳ್ಳುವುದು, ಊಟ ಮಾಡುವುದು. ಈ ಆರರಲ್ಲಿ ಎಷ್ಟು ಅವರಿಂದಲೇ ಆಗುತ್ತದೆ ನೋಡಿ. ಡಾಕ್ಟರುಗಳೂ ಇದನ್ನೇ ನೋಡುತ್ತಾರೆ. ಕೇಳಬೇಡಿ, ನೋಡಿ. ಆಯಿಯನ್ನು ಕೇಳಿದಾಗಲೆಲ್ಲ "ಎಂತೂ ತೊಂದ್ರೆ ಇಲ್ಲೆ" ಅನ್ನುತ್ತಿದ್ದಳು. ಆದರೆ ಬಚ್ಚಲಲ್ಲಿ ಬಿಸಿ ಹಂಡೆಯ ಕಂಠ ಹಿಡಿದೇ ಏಳುತ್ತಿದ್ದಳು. ಅವಳ ಅಂಗೈ ಕೆಂಪಾಗಿದ್ದು ನನ್ನ ಕಣ್ಣಿಗೆ ಬೀಳಲು ತಿಂಗಳುಗಳೇ ಬೇಕಾದವು.

ಆರೂ ಆಗುತ್ತದೆ, ಬೇಸರ ಮತ್ತು ಅಡುಗೆಯದೇ ಕಷ್ಟ ಅಂದರೆ ಸಾಮಾನ್ಯ ವೃದ್ಧಾಶ್ರಮ ಸಾಕು. ಎರಡು ಮೂರಕ್ಕೆ ಇನ್ನೊಬ್ಬರ ಕೈ ಬೇಕು ಅಂದರೆ ಅಸಿಸ್ಟೆಡ್ ಲಿವಿಂಗ್ ಅನ್ನುವ ಜಾಗಗಳಿವೆ, ಜಾಸ್ತಿ ದೊಡ್ಡ ಊರುಗಳಲ್ಲೇ. ಕ್ಯಾಥೆಟರ್ (ಮೂತ್ರದ ನಳಿಕೆ), ಮೂಗಿನ ನಳಿಕೆಯಲ್ಲಿ ಊಟ, ಹಾಸಿಗೆ ಹುಣ್ಣು ಇದ್ದರೆ ತರಬೇತಿ ಪಡೆದ ನರ್ಸ್ ಹಗಲೂ ರಾತ್ರಿ ಇರಬೇಕು. ಅಮೆರಿಕದ ಕಡೆ ಇಂಥ ಜಾಗಕ್ಕೇ ನರ್ಸಿಂಗ್ ಹೋಮ್ ಅನ್ನುವುದು. ನಮ್ಮಲ್ಲಿ ಆ ಹೆಸರಿಗೆ ಸಣ್ಣ ಖಾಸಗಿ ಆಸ್ಪತ್ರೆ ಅಂತ ಅರ್ಥ, ಅಲ್ವಾ? ನೆಟ್ಟಲ್ಲಿ ಹುಡುಕುವಾಗ ಇದು ನೆನಪಿರಲಿ. ಮರೆವಿನ ಕಾಯಿಲೆಯ ಲೆಕ್ಕವೇ ಬೇರೆ. ಆರೂ ಮಾಡಿಕೊಳ್ಳುವವರು ಕೂಡ ನಡುರಾತ್ರಿ ಎದ್ದು ತೋಟಕ್ಕೆ ಇಳಿದುಬಿಡಬಹುದು.

ಆಯಿ ಇದ್ದ ಆಶ್ರಮದವರು ಒಳ್ಳೆಯವರೇ. ಆದರೆ ಅವಳ ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ "ಹಾಸಿಗೆ ಹಿಡಿದವರನ್ನು ನಾವು ಇಟ್ಟುಕೊಳ್ಳುವುದಿಲ್ಲ" ಅಂದರು. ಸೇರಿಸುವಾಗ ನಾನು ಸಹಿ ಹಾಕಿದ ಕಾಗದದಲ್ಲೇ ಅದು ಇತ್ತು, ನಾನು ಓದಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಎಲ್ಲಿಗೆ ಹೋದರೂ "ನಾಳೆ ಇವರಿಗೆ ನಡೆಯಲಾಗದಿದ್ದರೆ ಏನು ಮಾಡುತ್ತೀರಿ?" ಅಂತ ಮೊದಲು ಕೇಳಿ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಕೇಳಿ. ನರ್ಸ್ ಇದ್ದಾರೆ ಅಂದರೆ ಏನು ಓದಿದ್ದಾರೆ ಕೇಳಿ. ಜಿಎನ್ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷದ ಕೋರ್ಸು. ಹೋಮ್ ನರ್ಸ್ ಅಂತ ಏಜೆನ್ಸಿ ಕಳಿಸುವವರೆಲ್ಲ ಅದನ್ನು ಓದಿರುವುದಿಲ್ಲ. ಆಯಿಯನ್ನು ಆಶ್ರಮದಿಂದ ಕರೆತಂದ ಮೇಲೆ ನಮ್ಮ ಮನೆಗೆ ಬಂದ ಹುಡುಗಿಯೂ ಓದಿರಲಿಲ್ಲ. ಆದರೆ ಎರಡು ಗಂಟೆಗೊಮ್ಮೆ ಆಯಿಯ ಮಗ್ಗುಲು ಬದಲಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಟೊಂಕದ ಹತ್ತಿರ ರೂಪಾಯಿ ಅಗಲದ ಕೆಂಪು ಕಲೆ ಕಂಡು, ಒತ್ತಿದರೂ ಬಿಳಿಯಾಗದ್ದನ್ನು ನೋಡಿ ನನ್ನನ್ನು ಕೂಗಿದವಳು ಅವಳೇ. ಹುಣ್ಣು ಶುರುವಾಗುವುದು ಹಾಗೆ. ಅದು ಒಡೆಯದ ಹಾಗೆ ನೋಡಿಕೊಂಡೆವು.

ದುಡ್ಡಿನ ವಿಷಯ: 70 ತುಂಬಿದವರಿಗೆ ಕೇಂದ್ರ ಸರ್ಕಾರದ ಆಯುಷ್ಮಾನ್ ವಯ ವಂದನಾ ಕಾರ್ಡ್ ಇದೆ, ನಿಮ್ಮ ಕಡೆಯ ಆಸ್ಪತ್ರೆಯಲ್ಲಿ ಅದು ನಡೆಯುತ್ತದಾ ಅಂತ ಮೊದಲು ವಿಚಾರಿಸಿ. ವರ್ಷಕ್ಕೆ 5 ಲಕ್ಷದವರೆಗೆ ಅದು ಆಸ್ಪತ್ರೆ ಖರ್ಚಿಗೆ ಮಾತ್ರ, ಆಶ್ರಮದ ಬಾಡಿಗೆಗೆ ಬರುವುದಿಲ್ಲ. ಹಿರಿಯರ ಸಹಾಯವಾಣಿ 14567, ಕರೆ ಉಚಿತ.

ನೀವು ಬರೆದಿದ್ದು ನೋಡಿದರೆ ಅಮ್ಮನಿಗೆ ಈಗಲೇ ಆಶ್ರಮ ಬೇಡ ಅನ್ನಿಸುತ್ತದೆ. ರಾತ್ರಿ ಮಲಗಲು ಊರಿನ ಒಬ್ಬರನ್ನು ಗೊತ್ತು ಮಾಡಿ. ಬಚ್ಚಲಿಗೆ, ಪಾಯಿಖಾನೆಗೆ ಹಿಡಿಕೆ ಹಾಕಿಸಿ. ಕೂತು ಏಳುವುದು ಕಷ್ಟವಾದರೆ ಕಮೋಡ್ ಕೂಡ. ಅಂಗಳದ ಹಾವಸೆ ಕೆರೆಸಿ, ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಕಂಬಿ ಹಾಕಿಸಿ. ಇಷ್ಟನ್ನು ಮಳೆ ಹಿಡಿಯುವ ಮೊದಲೇ ಮುಗಿಸಿ.