ಇಂಗ್ಲೆಂಡ್‌ನ ಹ್ಯಾರೊಗೇಟ್‌ಗೆ ಹೋದ್ರೆ ಬೆಟ್ಟೀಸ್ ಟೀ ರೂಮ್‌ನಲ್ಲಿ ಏನ್ ತಿನ್ಬೇಕು? ಮೊದಲೇ ಬುಕ್ ಮಾಡ್ಬೇಕಾ?

ಬರೀ ಟೀ-ತಿಂಡಿ ಆದ್ರೆ ಸಾಮಾನ್ಯವಾಗಿ ಬುಕಿಂಗ್ ಇಲ್ಲ, ಕ್ಯೂ ನಿಲ್ಬೇಕು, ವೀಕೆಂಡ್ ಮಧ್ಯಾಹ್ನ ಅಂತೂ ಕ್ಯೂ ಬೀದಿವರೆಗೂ ಬಂದಿರುತ್ತೆ, ಅದಕ್ಕೇ ವಾರದ ಮಧ್ಯೆ ಬೆಳಿಗ್ಗೆ ಹೋಗೋದು ವಾಸಿ. ಅಲಂಕಾರದ ಆಫ್ಟರ್‌ನೂನ್ ಟೀ (ಸ್ಯಾಂಡ್‌ವಿಚ್, ಕೇಕ್ ಎಲ್ಲ ಸೇರಿದ ಟೀ ಸೆಟ್) ಬೇಕಿದ್ರೆ ಮಾತ್ರ ಮೊದಲೇ ಬುಕ್ ಮಾಡಿ. ನನ್ನ ಕೇಳಿದ್ರೆ ಅದಕ್ಕಿಂತ ಬಿಡಿಯಾಗಿ ತಗೊಳೋದೇ ಲಾಭ.

1919ರಲ್ಲಿ ಬೆಟ್ಟೀಸ್‌ನ ಶುರು ಮಾಡಿದ್ದು ಫ್ರೆಡರಿಕ್ ಬೆಲ್ಮಾಂಟ್ ಅನ್ನೋ ಸ್ವಿಸ್ ಮಿಠಾಯಿಗಾರ. (ಬೆಟ್ಟಿ ಯಾರು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ!)

ತಿನ್ನೋಕೆ ಫ್ಯಾಟ್ ರ್‍ಯಾಸ್ಕಲ್ ಬಿಡ್ಬೇಡಿ. ಸ್ಕೋನ್ ಅನ್ನೋ ಇಂಗ್ಲಿಷ್ ಬನ್ನಿಗಿಂತ ದಪ್ಪ, ಒಳಗೆ ಒಣದ್ರಾಕ್ಷಿ, ಕಿತ್ತಳೆ-ನಿಂಬೆ ಸಿಪ್ಪೆ, ಮೇಲೆ ಚೆರ್ರಿ ಕಣ್ಣು, ಬಾದಾಮಿ ಹಲ್ಲು, ತುಂಟ ಮುಖ ನಗ್ತಾ ಇರುತ್ತೆ, ಬಿಸಿಯಾಗಿ ಕೇಳಿ, ಬೆಣ್ಣೆ ಹಚ್ಚಿ ತಿನ್ನಿ. ಹೆಸರು ಹ್ಯಾರೊಗೇಟ್ ಇರೋ ಯಾರ್ಕ್‌ಶೈರ್ ಸೀಮೆಯಲ್ಲಿ ಹಳೇದು, ಆದ್ರೆ ಮುಖ ಇರೋ ಈ ಬೆಟ್ಟೀಸ್ ಅವತಾರ ಬಂದಿದ್ದು 1983ರಲ್ಲಿ. ನಿಜವಾದ ಹಳೇ ಊರ ರುಚಿ ಬೇಕಾ, ಕರ್ಡ್ ಟಾರ್ಟ್ ಸಿಕ್ಕಿದ್ರೆ ತಗೊಳ್ಳಿ, ಹೆಸರು ಕೇಳಿ ಮೊಸರು ಅಂದ್ಕೋಬೇಡಿ, ಹಾಲು ಒಡೆಸಿ ಮಾಡಿದ ಪನೀರ್‌ನಂಥದ್ದಕ್ಕೆ ಒಣದ್ರಾಕ್ಷಿ, ಜಾಯಿಕಾಯಿ ಹಾಕಿ ಬೇಯಿಸಿರ್ತಾರೆ. ಎರಡರಲ್ಲೂ ಮೊಟ್ಟೆ ಇರುತ್ತೆ, ತಿನ್ನದವರು ಆರ್ಡರ್ ಮಾಡೋಕ್ ಮುಂಚೆ ಕೇಳಿ.

ಯಾರ್ಕ್ ಊರಿಗೂ ಹೋಗ್ತೀರಾದ್ರೆ ಅಲ್ಲಿನ ಬ್ರಾಂಚ್‌ನಲ್ಲಿ ಒಂದು ಕನ್ನಡಿ ಇದೆ, ಎರಡನೇ ಮಹಾಯುದ್ಧದ ವಿಮಾನ ಸೈನಿಕರು ವಜ್ರದ ಮೊನೆಯಲ್ಲಿ ಸಹಿ ಕೊರೆದಿದ್ದಾರೆ, ನೋಡ್ಕೊಂಡ್ ಬನ್ನಿ.