ಕಾಡಿನ ಗೀಜಗ: ಗಂಡು ಯಾವುದು, ಹೆಣ್ಣು ಯಾವುದು?

ಆಫ್ರಿಕಾದ ಕಾಡಿನ ಗೀಜಗದಲ್ಲಿ (ಪ್ಲೋಸಿಯಸ್ ಬೈಕಲರ್) ಗಂಡು-ಹೆಣ್ಣು ಗುರುತಿಸೋದು ಹೇಗೆ, ಗೂಡುಗಳು ಯಾಕೆ ಗುಂಪಾಗಿಲ್ಲ ಅಂತ ಕೇಳಿದ್ದೀರಿ. ಬಣ್ಣ ನೋಡಿ ಗುರುತಿಸೋಕೆ ಆಗಲ್ಲ. ಎರಡಕ್ಕೂ ಕಪ್ಪು ಬೆನ್ನು, ಹಳದಿ ಹೊಟ್ಟೆ. ಹಾಡಿನಿಂದಲೂ ಕಷ್ಟ. ಜೋಡಿ ಒಂದೇ ಹಾಡನ್ನು ಒಟ್ಟಿಗೆ ಹಾಡುತ್ತದೆ. ಎಷ್ಟು ಸರಿಯಾಗಿ ಕೂಡುತ್ತದೆ ಅಂದರೆ, ಒಂದೇ ಹಕ್ಕಿ ಹಾಡಿದ ಹಾಗೆ ಕೇಳಿಸುತ್ತದೆ! ನನಗೆ ತುಂಬಾ ಇಷ್ಟವಾದ ವಿಷಯ ಇದು.

ಎರಡನೇ ಪ್ರಶ್ನೆಗೆ ಉತ್ತರ ಊಟದಲ್ಲಿದೆ. ಬಯಲಿನ ಗೀಜಗಗಳಿಗೆ ಹುಲ್ಲಿನ ಬೀಜ ಒಂದೇ ಕಡೆ ರಾಶಿ ಸಿಗುತ್ತದೆ, ಗುಂಪಲ್ಲಿದ್ದರೂ ಸಾಲುತ್ತದೆ. ಕಾಡಿನದ್ದು ಜಾಸ್ತಿ ತಿನ್ನೋದು ಹುಳ-ಹುಪ್ಪಟೆ. ಕೊಂಬೆಗೆ ಅಂಟಿಕೊಂಡು, ತೊಗಟೆಯ ಬಿರುಕು, ಕಲ್ಲುಹೂವಿನ ಸಂದು ಎಲ್ಲ ಕೆದಕುತ್ತದೆ. ಅಂಥ ಆಹಾರ ಅಲ್ಲೊಂದು ಇಲ್ಲೊಂದು ಇರುತ್ತದೆ ಅಲ್ವಾ? ಹಾಗಾಗಿ ಜೋಡಿಗೊಂದು ಜಾಗ ಬೇಕು, ಮರಿ ಸಾಕೋಕೆ ಇಬ್ಬರೂ ಬೇಕು. ಗೀಜಗಗಳ ಊಟಕ್ಕೂ ಬದುಕುವ ರೀತಿಗೂ ಇರುವ ಈ ನಂಟನ್ನು ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡುತ್ತಿದ್ದ ಜಾನ್ ಕ್ರೂಕ್ 1964ರಲ್ಲೇ ವಿವರಿಸಿದ್ದರು.

ಗೂಡು ಹುಡುಕೋದಾದರೆ ಹಸಿರು ಹುಲ್ಲಿನ ನುಣುಪಾದ ನೇಯ್ಗೆ ಹುಡುಕಬೇಡಿ. ತೆಳ್ಳನೆ ಬಳ್ಳಿಗಳಿಂದ ಹೆಣೆದ, ಒರಟಾದ ಗೂಡು ಅದು. ಕೊಂಬೆಯ ತುದಿಯಲ್ಲಿ ನೇತಾಡುತ್ತದೆ, ಬಾಗಿಲ ಕೊಳವೆ ಕೆಳಗೆ ಇಳಿಬಿದ್ದಿರುತ್ತದೆ.