ತಮ್ಮನ .308 ರೈಫಲ್‌ಗೆ ಯಾವ ಪ್ರೆಸ್? ಟೂಲ್‌ರೂಮ್ ಅಣ್ಣನ ಪ್ರಶ್ನೆ

ಪ್ರಶ್ನೆ: ಸರ್, ನಾನು ಧಾರವಾಡ ಕಡೆಯವನು. ಪುಣೆ ಹತ್ತಿರ ಚಿಂಚವಾಡದಲ್ಲಿ 22 ವರ್ಷದಿಂದ ಟೂಲ್‌ರೂಮ್ ಕೆಲಸ. ನನ್ನ ತಮ್ಮ ಅಮೆರಿಕದ ಟೆಕ್ಸಸ್‌ನಲ್ಲಿದ್ದಾನೆ, ರೇಂಜ್‌ಗೆ ಹೋಗಿ .308 ರೈಫಲ್ ಹೊಡೆಯುತ್ತಾನೆ. ಈಗ ಹೊಡೆದ ಗುಂಡುಗಳ ಖಾಲಿ ಕೇಸ್‌ಗಳನ್ನು, ಅಂದರೆ ಹಿತ್ತಾಳೆಯ ಕೋಶಗಳನ್ನು, ಪ್ರೆಸ್ ಇಟ್ಟುಕೊಂಡು ಮನೆಯಲ್ಲೇ ಮತ್ತೆ ತುಂಬಿಸಬೇಕು ಅಂತ ಹೊರಟಿದ್ದಾನೆ. "ಅಣ್ಣಾ, ಪ್ರೆಸ್ಸು, ಡೈ ಎಲ್ಲ ನಿನಗೆ ಗೊತ್ತಲ್ಲ, ಯಾವುದು ತಗೊಳ್ಳಲಿ" ಅಂತ ಕೇಳುತ್ತಾನೆ. ಅವನ ಕಣ್ಣು ಅಗ್ಗದ ಅಲ್ಯೂಮಿನಿಯಂ ಸಿ-ಫ್ರೇಮ್ (ಒಂದು ಬದಿ ತೆರೆದಿರುವ) ಪ್ರೆಸ್ ಮೇಲಿದೆ. ಅವನ ಗೆಳೆಯ ಒಂದೇ ಎಳೆತಕ್ಕೆ ಹಲವು ಕೆಲಸ ಮಾಡುವ ಪ್ರೋಗ್ರೆಸಿವ್ ಪ್ರೆಸ್ ತಗೋ ಅನ್ನುತ್ತಿದ್ದಾನೆ. ದೀಪಾವಳಿಗೆ ಬರುವಾಗ ನನಗೂ ಒಂದು ತರಲಾ ಅಂತಲೂ ಕೇಳಿದ. ಏನು ಹೇಳಲಿ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ತರಬೇಡ ಅಂತ ಇವತ್ತೇ ಫೋನ್ ಮಾಡಿ ತಿಳಿಸಿ.

ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ಅಂದರೆ ಬರೀ ಗುಂಡಲ್ಲ. ಅದರ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರ ಕೂಡ ಆ ಪದದ ಒಳಗೇ ಬರುತ್ತವೆ. ಅಂದರೆ ನಿಮ್ಮ ಕಣ್ಣಿಗೆ ಸಾದಾ ಹ್ಯಾಂಡ್ ಪ್ರೆಸ್ ಆಗಿ ಕಾಣುವ ವಸ್ತು ಕಾನೂನಿನ ಕಣ್ಣಿಗೆ ಬೇರೆಯೇ. ಅದನ್ನು ಹೊರದೇಶದಿಂದ ತರುವುದಕ್ಕೂ ಲೈಸೆನ್ಸ್ ಬೇಕು, ಅದರಲ್ಲಿ ಕಾಡತೂಸು ತಯಾರಿಸುವುದಕ್ಕೂ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಇದಕ್ಕೆ ನಡೆಯುವುದಿಲ್ಲ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ತಯಾರಿಸಿದರೆ ಕನಿಷ್ಠ 7 ವರ್ಷ, ಹೆಚ್ಚೆಂದರೆ ಜೀವಾವಧಿ ಶಿಕ್ಷೆ. ನಿಮ್ಮ ಮನೆಯಿಂದ ಜಾಸ್ತಿ ದೂರವಿಲ್ಲದ ಖಡಕಿಯಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ, ಸರ್ಕಾರದ್ದು. ನಮ್ಮಲ್ಲಿ ಈ ಕೆಲಸ ನಡೆಯುವುದು ಅಂಥ ಗೇಟಿನ ಒಳಗೆ, ಮನೆಯ ಬಾಲ್ಕನಿಯಲ್ಲಿ ಅಲ್ಲ. ನೆನಪಿಗೆ ಅಂತ ಒಂದು ಖಾಲಿ ಕೇಸನ್ನು ಕೀ ಚೈನ್ ಮಾಡಿಕೊಂಡು ಬರುವುದೂ ಬೇಡ. ಮುಂಬೈ ಏರ್‌ಪೋರ್ಟ್‌ನಲ್ಲಿ ಅದನ್ನು ವಿವರಿಸುತ್ತಾ ನಿಲ್ಲುವ ಪಾಡು ಯಾರಿಗೂ ಬೇಡ.

ಇನ್ನು ತಮ್ಮನ ಕಡೆ. ಪ್ರೆಸ್‌ಗಿಂತ ಮೊದಲು ಅವನ ವೀಸಾ ಯಾವುದು ಅಂತ ಕೇಳಿ. ಈ ಮಾತು ನಮ್ಮ ಹುಡುಗರಿಗೆ ಯಾರೂ ಹೇಳುವುದಿಲ್ಲ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕಾಗಲಿ ಮದ್ದುಗುಂಡಾಗಲಿ ಇಟ್ಟುಕೊಳ್ಳುವಂತಿಲ್ಲ ಅಂತ ಅಲ್ಲಿನ ಫೆಡರಲ್ ಕಾನೂನು ಹೇಳುತ್ತದೆ. ಕೆಲವು ವಿನಾಯಿತಿಗಳಿವೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅದರಲ್ಲೊಂದು. ಗ್ರೀನ್ ಕಾರ್ಡ್ ಇದ್ದರೆ ಈ ತಡೆ ಇಲ್ಲ. ತನ್ನ ಸ್ವಂತಕ್ಕೆ ರೀಲೋಡ್ ಮಾಡಿಕೊಳ್ಳಲು ಅಲ್ಲಿ ಫೆಡರಲ್ ಲೈಸೆನ್ಸ್ ಬೇಡ. ಮಾರುವ ವ್ಯವಹಾರಕ್ಕೆ ಇಳಿದರೆ ಬೇಕು.

ಅದೆಲ್ಲ ಸರಿ ಇದ್ದರೆ ಪ್ರೆಸ್‌ಗೆ ಬರೋಣ. ನೀವು ಟೂಲ್‌ರೂಮ್‌ನವರು, ನಿಮಗೆ ಇದು ಬೇಗ ಅರ್ಥವಾಗುತ್ತದೆ.

ಗುಂಡು ಹಾರಿದಾಗ ಹಿತ್ತಾಳೆಯ ಕೇಸ್ ಉಬ್ಬಿ ಚೇಂಬರ್‌ನ ಆಕಾರಕ್ಕೆ ಬರುತ್ತದೆ. ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಮತ್ತೆ ಅಳತೆಗೆ ತರಬೇಕು. ಪ್ರೆಸ್‌ನ ಕೆಲಸದಲ್ಲಿ ಭಾರಿಯಾದದ್ದು ಇದೊಂದೇ. ಹಳೆ ಪ್ರೈಮರ್ (ಕೇಸ್‌ನ ತಳದಲ್ಲಿ ಕೂತು ಪೌಡರ್‌ಗೆ ಕಿಡಿ ಕೊಡುವ ಸಣ್ಣ ಬಟ್ಟಲು) ತೆಗೆಯುವುದು, ಕೇಸ್‌ನ ಬಾಯಿಗೆ ಹೊಸ ಬುಲೆಟ್ ಕೂರಿಸುವುದು ಎಲ್ಲ ಬೆರಳಿನ ಬಲದ ಕೆಲಸ. 9 ಎಂಎಂ ಪಿಸ್ತೂಲಿನ ಗಿಡ್ಡ ಕೇಸ್ ಆದರೆ ಒತ್ತಡ ಕಡಿಮೆ. .308 ಹಾಗಲ್ಲ, ಉದ್ದ ಕೇಸು, ಬಾಟಲಿಯ ಹಾಗೆ ಕುತ್ತಿಗೆ ಮತ್ತು ಭುಜ. ಭುಜವನ್ನು ಸುಮಾರು ಎರಡು ಥೌ ಹಿಂದಕ್ಕೆ ತಳ್ಳಿದರೆ ಸಾಕು, ಅಂದರೆ 0.05 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ತಳ್ಳುತ್ತಾ ಹೋದರೆ ಕೇಸ್ ಪ್ರತಿ ಸಲ ಹಿಗ್ಗಿ ಕುಗ್ಗಿ ಬುಡದ ಹತ್ತಿರ ಹರಿಯುತ್ತದೆ. ಎರಡು ಥೌ ಅನ್ನು ಐವತ್ತು ಕೇಸ್‌ಗೂ ಒಂದೇ ಥರ ಹಿಡಿಯಬೇಕು ಅಂದರೆ ಫ್ರೇಮ್ ಅಲುಗಬಾರದು, ಅಷ್ಟೇ ವಿಷಯ.

ಭೋಸರಿಯ ಯಾವುದೇ ಶಾಪ್‌ನಲ್ಲಿ ಸಿ-ಫ್ರೇಮ್ ಪವರ್ ಪ್ರೆಸ್ ಲೋಡ್ ತಗೊಳ್ಳುವಾಗ ಬಾಯಿ ತೆರೆಯುವುದನ್ನು ನೀವು ನೋಡೇ ಇರುತ್ತೀರಿ, ಪಂಚ್ ಒಂದು ಕಡೆ ವಾಲುತ್ತದೆ ಅಲ್ವಾ. ಬೆಂಚಿನ ಮೇಲಿನ ಸಣ್ಣ ಸಿ-ಫ್ರೇಮ್‌ಗೂ ಅದೇ ಗುಣ, ಅಲ್ಯೂಮಿನಿಯಂ ಆದರೆ ಇನ್ನೂ ಜಾಸ್ತಿ. ಆದ್ದರಿಂದ .308ಗೆ ಸುತ್ತಲೂ ಮುಚ್ಚಿದ ಓ-ಫ್ರೇಮ್, ಬೀಡು ಕಬ್ಬಿಣದ್ದು ತಗೊಳ್ಳಲಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಸಿ-ಫ್ರೇಮ್‌ನಲ್ಲಿ ಕೈ ಸಲೀಸಾಗಿ ಆಡುತ್ತದೆ ನಿಜ. ಪ್ರೈಮರ್ ತೆಗೆಯುವುದಕ್ಕೆ, ಪಿಸ್ತೂಲಿನ ಕೇಸ್‌ಗೆ ಅದು ಧಾರಾಳ ಸಾಕು. ಅವನ ಕೆಲಸಕ್ಕೆ ಅಲ್ಲ.

ಹೆಸರು ಹೇಳಬೇಕೆಂದರೆ, ಕಡಿಮೆ ದುಡ್ಡಿಗೆ ಲೀ ಕಂಪನಿಯ ಕ್ಲಾಸಿಕ್ ಕಾಸ್ಟ್. ಅದರ ರ‍್ಯಾಮ್, ಅಂದರೆ ಕೇಸನ್ನು ಡೈ ಒಳಗೆ ಎತ್ತುವ ದಂಡ, ಟೊಳ್ಳು, ಹಳೆ ಪ್ರೈಮರ್ ಒಳಗಿಂದಲೇ ಇಳಿದು ಕೆಳಗಿನ ಟ್ಯೂಬ್ ಸೇರುತ್ತದೆ, ಆ ಕರಿ ಪುಡಿ ಬೆಂಚಿನ ಮೇಲೆಲ್ಲ ಹರಡುವುದಿಲ್ಲ. ಸ್ವಲ್ಪ ಜಾಸ್ತಿ ಕೊಡುವುದಾದರೆ ಆರ್‌ಸಿಬಿಎಸ್ ರಾಕ್ ಚಕರ್ ಅಥವಾ ರೆಡ್ಡಿಂಗ್ ಬಿಗ್ ಬಾಸ್. ಫೋರ್ಸ್ಟರ್ ಕೋ-ಆಕ್ಸ್ ಬೇರೆಯೇ ಜಾತಿ. ಅದರಲ್ಲಿ ಡೈಯನ್ನು ತಿರುಗಿಸಿ ಹಾಕುವುದಿಲ್ಲ, ಲಾಕ್ ರಿಂಗ್ ಹಿಡಿದು ಸೀಳಿನೊಳಗೆ ಜಾರಿಸುತ್ತಾರೆ. ಡೈ ಸ್ವಲ್ಪ ತೇಲುವುದರಿಂದ ಕೇಸ್ ತಾನೇ ನಡುವಿಗೆ ಬರುತ್ತದೆ. ಚೆಂದದ ಯಂತ್ರ, ಬೆಲೆಯೂ ಹಾಗೇ. ಮೊದಲ ಪ್ರೆಸ್‌ಗೆ ಅಷ್ಟು ಸುರಿಯಬೇಕಿಲ್ಲ.

ಬ್ರ್ಯಾಂಡ್ ಬಗ್ಗೆ ಅವನು ನಿದ್ದೆಗೆಡಬೇಕಿಲ್ಲ. ಸಾಮಾನ್ಯ ಡೈಗಳೆಲ್ಲ ಒಂದೇ ಚೂಡಿಯಲ್ಲಿ (ಥ್ರೆಡ್) ಬರುತ್ತವೆ, 7/8 ಇಂಚು ವ್ಯಾಸ, ಇಂಚಿಗೆ 14 ಸುತ್ತು. ಒಬ್ಬರ ಪ್ರೆಸ್ಸಿಗೆ ಇನ್ನೊಬ್ಬರ ಡೈ ಕೂರುತ್ತದೆ. ಹಾಗಾಗಿ ಹಳೇದು ಸಿಕ್ಕರೂ ಅಡ್ಡಿಯಿಲ್ಲ, ಬೀಡಿನ ರಾಕ್ ಚಕರ್‌ಗಳು ದಶಕಗಟ್ಟಲೆ ದುಡಿಯುತ್ತವೆ. ಎರಕದಲ್ಲಿ ಬಿರುಕು ಇದೆಯೇ, ಡೈ ಕೂರುವ ಚೂಡಿ ತಿಂದಿದೆಯೇ, ರ‍್ಯಾಮ್‌ಗೆ ತುಕ್ಕು ಹಿಡಿದು ಗೀರು ಬಿದ್ದಿದೆಯೇ, ಇಷ್ಟು ವಿಡಿಯೋ ಕಾಲ್‌ನಲ್ಲಿ ನೀವೇ ನೋಡಿ ಹೇಳಬಹುದು. ರ‍್ಯಾಮ್ ಕೆಳಗಿದ್ದಾಗ ಒಂಚೂರು ಆಟ ಇದ್ದರೆ ಗಾಬರಿ ಬೇಡ. ಕೇಸ್ ಡೈ ಒಳಗೆ ಹೋದ ಮೇಲೆ ಡೈಯೇ ಅದನ್ನು ನೆಟ್ಟಗೆ ಹಿಡಿಯುತ್ತದೆ.

ಬೆಂಚ್ ಗಟ್ಟಿ ಇರಬೇಕು. ಹ್ಯಾಂಡಲ್ ಒತ್ತಿದಾಗ ಬಲವೆಲ್ಲ ಬೆಂಚಿನ ಅಂಚಿಗೆ ಬೀಳುತ್ತದೆ, ಮರದ ಸ್ಕ್ರೂ ಹಾಕಿದರೆ ಕಿತ್ತು ಬರುತ್ತದೆ. ಬೆಂಚನ್ನು ತೂರಿ ಹೋಗುವ ಆರ್‌ಪಾರ್ ಬೋಲ್ಟ್, ಕೆಳಗೆ ದಪ್ಪ ಪ್ಲೇಟ್ ಕೊಡಿಸಿ.

ಮತ್ತೊಂದು, ಕೇಸ್‌ಗೆ ಲ್ಯೂಬ್ ಹಚ್ಚದೆ .308 ಡೈಗೆ ತುರುಕಬಾರದು. ನಾನು ಅಮೆರಿಕದಲ್ಲಿದ್ದಾಗ ಒಂದು ಶನಿವಾರ ಮಾತಾಡುತ್ತಾ ಒಂದೇ ಒಂದು ಕೇಸ್‌ಗೆ ಲ್ಯೂಬ್ ಮರೆತೆ. ಅರ್ಧಕ್ಕೆ ಹೋಗಿ ಕಚ್ಚಿಕೊಂಡಿತು. ವಾಪಸ್ ಎಳೆದಾಗ ರಿಮ್ ಹರಿದು ಕೇಸ್ ಡೈಯಲ್ಲೇ ಉಳಿಯಿತು. ಪ್ರೈಮರ್ ಜಾಗದಲ್ಲಿ ತೂತು ಕೊರೆದು, ಟ್ಯಾಪ್ ಹಾಕಿ, ಬೋಲ್ಟ್ ತಿರುಗಿಸಿ ಎಳೆದು ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಆವತ್ತಿನಿಂದ ಹತ್ತಿರ ಮಾತಾಡಿಸುವವರು ಇದ್ದರೆ ನಾನು ಕೆಲಸ ನಿಲ್ಲಿಸಿಬಿಡುತ್ತಿದ್ದೆ.

ಈಗ ಗೆಳೆಯ ಹೇಳುವ ಪ್ರೋಗ್ರೆಸಿವ್. ವಾರಕ್ಕೆ ನೂರಾರು ಪಿಸ್ತೂಲು ಗುಂಡು ಹೊಡೆಯುವವರಿಗೆ ಅದು ಬೇಕು. ಒಂದು ಸಲ ಹ್ಯಾಂಡಲ್ ಎಳೆದರೆ ನಾಲ್ಕೈದು ಕೆಲಸ ಒಟ್ಟಿಗೆ ಆಗುತ್ತವೆ. ಹೊಸಬನಿಗೆ ಅದೇ ಅಪಾಯ, ಯಾವ ಕೇಸ್‌ನಲ್ಲಿ ಏನಾಯಿತು ಅಂತ ಕಣ್ಣಿಗೆ ಸಿಗುವುದಿಲ್ಲ. ನಾನು ಮೇಲೆ ಹೆಸರಿಸಿದ ಪ್ರೆಸ್‌ಗಳೆಲ್ಲ ಸಿಂಗಲ್ ಸ್ಟೇಜ್, ಒಂದು ಸಲಕ್ಕೆ ಒಂದೇ ಡೈ. ಅದರಲ್ಲಿ ಐವತ್ತು ಕೇಸ್‌ಗೂ ಒಂದು ಕೆಲಸ ಮುಗಿಸಿ, ಆಮೇಲೆ ಡೈ ಬದಲಿಸಿ ಮುಂದಿನದು. ಗಂಟೆಗೆ ಐವತ್ತರ ಸುಮಾರು ಆಗಬಹುದು. ಪೌಡರ್ ಹಾಕಿದ ಮೇಲೆ ಐವತ್ತನ್ನೂ ತೂತುಗಳಿರುವ ಬ್ಲಾಕ್‌ನಲ್ಲಿ ನಿಲ್ಲಿಸಿ, ಟಾರ್ಚ್ ಹಿಡಿದು ಒಂದೊಂದರ ಒಳಗೂ ನೋಡಿ, ಎಲ್ಲದರಲ್ಲೂ ಒಂದೇ ಮಟ್ಟ ಇದೆ ಅಂತ ಖಾತ್ರಿ ಆದ ಮೇಲೆಯೇ ಬುಲೆಟ್ ಕೂರಿಸಬೇಕು. ಪೌಡರ್ ಇಲ್ಲದ ಕೇಸ್ ಹೋದರೆ ಪ್ರೈಮರ್ ಒಂದೇ ಬುಲೆಟ್ಟನ್ನು ತಳ್ಳಿ ನಳಿಕೆಯ ಒಳಗೆ ಸಿಕ್ಕಿಸಬಹುದು. ಅದನ್ನು ಗಮನಿಸದೆ ಮುಂದಿನ ಗುಂಡು ಹೊಡೆದರೆ ನಳಿಕೆ ಒಡೆಯಬಹುದು, ಮುಖ ಅಲ್ಲೇ ಪಕ್ಕದಲ್ಲಿರುತ್ತದೆ. ನಿಮ್ಮ ತಮ್ಮನಿಗೆ ಈ ಪ್ಯಾರಾ ಮಾತ್ರ ಎರಡು ಸಲ ಓದಿ ಹೇಳಿ.

ಪ್ರೆಸ್‌ನಲ್ಲಿ ಉಳಿದ ದುಡ್ಡು ಒಳ್ಳೆಯ ತಕ್ಕಡಿಗೆ ಹೋಗಲಿ. ಈ ಕೆಲಸದಲ್ಲಿ ತೂಕದ ಲೆಕ್ಕ ಗ್ರೇನ್‌ನಲ್ಲಿ, ಒಂದು ಪೌಂಡಿಗೆ 7000 ಗ್ರೇನ್, ಅಷ್ಟು ಸಣ್ಣದು. ಎಷ್ಟು ಪೌಡರ್ ಅನ್ನುವುದನ್ನು ಪೌಡರ್ ಅಥವಾ ಬುಲೆಟ್ ಕಂಪನಿಯ ಅಚ್ಚಾದ ಕೈಪಿಡಿಯಿಂದ ಮಾತ್ರ ತಗೊಳ್ಳಲಿ, ಅದರಲ್ಲೂ ಕೆಳಗಿನ ಅಂಕಿಯಿಂದ ಶುರು. ವಾಟ್ಸಾಪ್‌ನಲ್ಲಿ ಬಂದ ಅಂಕಿ ಬೇಡವೇ ಬೇಡ.

ಕೇಸ್ ಒಳಗೂ ಒಮ್ಮೆ ಇಣುಕಲಿ. ತಳದಲ್ಲಿ ಒಂದೇ ತೂತು ಇದ್ದರೆ ಬಾಕ್ಸರ್ ಥರದ್ದು, ಸರಿ. ಎರಡು ಸಣ್ಣ ತೂತು ಇದ್ದರೆ ಬರ್ಡನ್, ಡೈಯ ಪಿನ್ ಮುರಿಯುತ್ತದೆ, ಅದನ್ನು ಬಿಟ್ಟುಬಿಡಲಿ. ಕಣ್ಣಿಗೆ ಗ್ಲಾಸ್ ಕಡ್ಡಾಯ. ಹಳೆ ಪ್ರೈಮರ್‌ನ ಮಸಿಯಲ್ಲಿ ಸೀಸ ಇರುತ್ತದೆ, ಊಟದ ಮೇಜಿನ ಮೇಲೆ ಈ ಕೆಲಸ ಬೇಡ, ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲಿ, ಮಕ್ಕಳಿದ್ದರೆ ಕೋಣೆಗೆ ಬೀಗ.

ಪ್ರಶ್ನೆ: ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ. ಮಗಳು 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ, ಈಗ 50 ಮೀಟರ್‌ಗೆ ಹೋಗಬೇಕು ಅನ್ನುತ್ತಿದ್ದಾಳೆ. .22 ಗುಂಡಿನ ಖರ್ಚು ಕೇಳಿ ಎದೆ ಧಸಕ್ಕೆಂದಿತು. ಅದನ್ನು ಮತ್ತೆ ತುಂಬಿಸಲು ಆಗುತ್ತದೆಯೇ?

ಉತ್ತರ: ಇಲ್ಲ. ಕಾನೂನು ಮೇಲೆ ಹೇಳಿದಂತೆಯೇ, ಗೋವಾಕ್ಕೂ ಅದೇ. ಅದನ್ನು ಬಿಟ್ಟು ನೋಡಿದರೂ .22 ರಿಮ್‌ಫೈರ್ ಜಾತಿ. ಅದಕ್ಕೆ ಬಿಚ್ಚಿ ಹಾಕುವ ಪ್ರೈಮರ್ ಇಲ್ಲ, ಸಿಡಿಯುವ ಮಸಾಲೆ ಕೇಸ್‌ನ ಅಂಚಿನ ಮಡಿಕೆಯೊಳಗೇ ಇರುತ್ತದೆ. ಪಿನ್ ಆ ಅಂಚನ್ನೇ ಜಜ್ಜಿ ಹೊತ್ತಿಸುತ್ತದೆ. ಒಮ್ಮೆ ಹೊಡೆದ ಕೇಸ್ ಗುಜರಿಗೆ.

ಅವಳ ಆಸೆ ದೊಡ್ಡದು, ಅದಕ್ಕೆ ತಣ್ಣೀರು ಎರಚಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ 50 ಮೀಟರ್ ತ್ರೀ ಪೊಸಿಷನ್‌ನಲ್ಲಿ (ಮೊಣಕಾಲೂರಿ, ಮಲಗಿ, ನಿಂತು ಹೊಡೆಯುವುದು). ಖರ್ಚು ಉಳಿಸುವ ದಾರಿ ಬೇರೆ ಇದೆ. ನಿಲುವು, ಉಸಿರು, ಟ್ರಿಗರ್ ಇವುಗಳ ಅಭ್ಯಾಸದ ಬಹುಪಾಲು ಗುಂಡಿಲ್ಲದೆ ಮಾಡಬಹುದು, ದೊಡ್ಡ ಶೂಟರ್‌ಗಳೂ ಡ್ರೈ ಫೈರಿಂಗ್ ಬಿಡುವುದಿಲ್ಲ. ಇನ್ನು .22ರಲ್ಲಿ ಒಂದೊಂದು ಬ್ಯಾರೆಲ್‌ಗೆ ಒಂದೊಂದು ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಗುಂಡುಗಳ ಕಂತು) ಒಗ್ಗುತ್ತದೆ. ಕ್ಲಬ್ ಮೂಲಕ ಮೂರ್ನಾಲ್ಕು ಥರದ್ದು ಒಂದೊಂದು ಡಬ್ಬಿ ತರಿಸಿ, ಸ್ಟ್ಯಾಂಡ್ ಮೇಲೆ ರೈಫಲ್ ಇಟ್ಟು ಹೊಡೆಸಿ, ಯಾವುದು ಹತ್ತಿರ ಹತ್ತಿರ ಬೀಳುತ್ತದೋ ಆ ಲಾಟ್ ನಂಬರ್ ಬರೆದಿಟ್ಟುಕೊಂಡು ಸ್ಪರ್ಧೆಗೆ ಅದನ್ನೇ ತೆಗೆದಿಡಿ. ದಿನದ ಅಭ್ಯಾಸಕ್ಕೆ ಅಗ್ಗದ್ದು ಸಾಕು.